ಉಣ್ಣದ ಬೇನೆ ಕಳೆದ ಮೇಲೆ ಮೈತೂಕದ ಚಿಂತೆ

ಬಹುದಿನಗಳ ಮೇಲೆ ಮನೆಗೆ ಬಂದ ನೆಂಟರನ್ನು ಕಂಡ ಕೂಡಲೆ ನಾವಾಡುವ ಮೊದಲ ಮಾತು ಯಾವುದೆಂಬುದನ್ನು ನೀವು ಗಮನಿಸಿದ್ದೀರಾ? 'ಏನು, ಇಷ್ಟೊಂದು ಇಳಿದುಹೋಗಿದ್ದೀಯಲ್ಲ!' ಎನ್ನುತ್ತೇವೆ. ಇಲ್ಲವೆ, 'ಪರವಾಗಿಲ್ಲ, ಮೈಕೈ ತುಂಬಿಕೊಂಡಿದ್ದೀಯೆ' ಎನ್ನುತ್ತೇವೆ. ಕಾಲು ತೊಳೆಯಲು ನೀರು ಕೊಡುವುದಕ್ಕೆ ಮುಂಚೆಯೇ ಬಂದವರ ಮೈಯನ್ನು ಕಣ್ಣಿನಲ್ಲೇ ತೂಗಿ ಮುಗಿಸಿರುತ್ತೇವೆ. ಇದರಲ್ಲಿ ಕೇಡೆಣಿಸುವ ಮನಸ್ಸೇನೂ ಇಲ್ಲ. ಅಕ್ಕರೆಯೇ ಹಾಗೆ ಆಡಿಸುತ್ತದೆ. ಆದರೆ ಇಂಥದೇ ಒಂದು ಮಾತಿನಿಂದ ಒಬ್ಬ ಹುಡುಗಿ ಎರಡು ದಿನ ಊಟ ಬಿಟ್ಟದ್ದನ್ನು ನಾನು ಕಂಡೆ. ಮಾತನ್ನು ಆಡಿದವನು ನಾನೇ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಪಾಠ ಹೇಳಿ, ಯಾವ ಪದವನ್ನು ಎಲ್ಲಿ ಬಳಸಬೇಕೆಂದು ತಿದ್ದುತ್ತ ಬಂದವನಿಗೆ ಇದು ಸಣ್ಣ ಪಾಠವಲ್ಲ. ಅಂದಿನಿಂದ ಈ ವಿಷಯವನ್ನು ವೈದ್ಯರಿಂದ ಕೇಳಿ, ಪುಸ್ತಕಗಳಿಂದ ಓದಿ ತಿಳಿದುಕೊಂಡಷ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹುಡುಗಿ ನನ್ನ ತಮ್ಮನ ಮಗಳು. ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ ಮೊದಲು ತುಪ್ಪ ಬಿಟ್ಟಳು. ಆಮೇಲೆ ರಾತ್ರಿಯ ಅನ್ನ ಬಿಟ್ಟಳು. ಕಡೆಗೆ ಎಲ್ಲರೊಂದಿಗೆ ಎಲೆಯ ಮುಂದೆ ಕೂರುವುದನ್ನೇ ಬಿಟ್ಟಳು. ಪರೀಕ್ಷೆಯ ಭಯವಿರಬೇಕೆಂದು ಮನೆಯವರು ಸುಮ್ಮನಿದ್ದರು. ಸೋಮವಾರ, ಶನಿವಾರಗಳ ಉಪವಾಸ ಹಿಡಿದಾಗ, 'ಈ ಕಾಲದ ಮಕ್ಕಳಲ್ಲಿ ಇಷ್ಟು ನಿಷ್ಠೆ ಯಾರಿಗುಂಟು?' ಎಂದು ಹೊಗಳಿದವರೂ ಇದ್ದರು. ಅವರಲ್ಲಿ ನಾನೂ ಒಬ್ಬ. ಮುಟ್ಟು ನಿಂತಿತು, ಕೂದಲು ಉದುರಿತು, ಬೇಸಿಗೆಯಲ್ಲೂ ಸ್ವೆಟರು ಬೇಕಾಯಿತು. ಒಂದು ದಿನ ಕಾಲೇಜಿನ ಮೆಟ್ಟಿಲ ಮೇಲೆ ಬವಳಿ ಬಂದು ಬಿದ್ದಳು. ಅನಂತರ ಒಂದೂವರೆ ವರ್ಷ ಚಿಕಿತ್ಸೆ ನಡೆಯಿತು. ಮನೋವೈದ್ಯರು, ಪಥ್ಯ ಹೇಳುವವರು, ಅವರೆಲ್ಲರಿಗಿಂತ ಹೆಚ್ಚಾಗಿ ಪ್ರತಿಹೊತ್ತೂ ತಟ್ಟೆಯ ಪಕ್ಕದಲ್ಲಿ ಕುಳಿತ ಅವಳ ತಾಯಿ, ಇವರೆಲ್ಲ ಸೇರಿ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಎದ್ದಳು, ಉಂಡಳು, ಓದು ಮುಗಿಸಿದಳು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಆ ಸಂತೋಷದಲ್ಲಿಯೇ ನಮ್ಮ ಮನೆಯ ಮದುವೆಯ ದಿನ ಬಾಗಿಲಲ್ಲಿ ನಿಂತು ನಾನು ಅಂದದ್ದು, 'ಈಗ ನೋಡು, ಲಕ್ಷಣವಾಗಿ ದುಂಡಗಾಗಿದ್ದೀಯೆ!' ಅವಳು ನಕ್ಕು ಒಳಗೆ ಹೋದಳು. ಪಂಕ್ತಿಯಲ್ಲಿ ಅವಳ ಎಲೆ ಹಾಕಿದ್ದು ಹಾಕಿದಂತೆಯೇ ಇತ್ತೆಂದು ಸಂಜೆ ನನ್ನ ನಾದಿನಿ ಬಂದು ಹೇಳಿದಳು.

ಅಷ್ಟಕ್ಕೇ ಮುಗಿದಿದ್ದರೆ ನನ್ನ ನಾಲಗೆಯೊಂದನ್ನು ತಿದ್ದಿಕೊಂಡರೆ ಸಾಕಾಗುತ್ತಿತ್ತು. ಕೆಲವು ತಿಂಗಳ ಮೇಲೆ ಕಚೇರಿಯವರು ಎಲ್ಲರಿಗೂ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅವಳ ಸಕ್ಕರೆಯ ಅಂಶ ಗಡಿಯ ಹತ್ತಿರವಿದೆ ಎಂದು ಬಂದಿತು. ನಮ್ಮದು ಮಧುಮೇಹದ ಮನೆತನ. ನಮ್ಮ ತಾಯಿಗೂ ಇತ್ತು, ನನಗೂ ಇದೆ. ಅವಳನ್ನು ನೋಡಿದ ವೈದ್ಯರೊಬ್ಬರು ಹಿಂದಿನ ಬೇನೆಯ ಸುದ್ದಿಯನ್ನೇ ಕೇಳದೆ, ಮೂರು ತಿಂಗಳಲ್ಲಿ ಇಷ್ಟು ತೂಕ ಇಳಿಸತಕ್ಕದ್ದು, ಅನ್ನ ಮುಟ್ಟಕೂಡದು ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಹಿಡಿದುಕೊಂಡೇ ಅವಳು ನನ್ನ ಬಳಿಗೆ ಬಂದಳು. 'ದೊಡ್ಡಪ್ಪ, ಕುಡಿತ ಬಿಟ್ಟವನಿಗೆ ಹೆಂಡವನ್ನೇ ಔಷಧ ಅಂತ ಬರೆದುಕೊಟ್ಟ ಹಾಗಾಯ್ತಲ್ಲ!' ಎಂದಳು. ನನಗೆ ಉತ್ತರ ತೋಚಲಿಲ್ಲ. ಮೈ ಸ್ವಲ್ಪ ಇಳಿಯಬೇಕಾದದ್ದೂ ನಿಜ; ಇಳಿಸಹೊರಟರೆ ಹಳೆಯ ಬೇನೆ ಮರುಕಳಿಸುವ ಭಯವೂ ನಿಜ. ಇಂಥ ಇಕ್ಕಟ್ಟಿನಲ್ಲಿ ಇರುವವರು ನಿಮ್ಮ ಬೀದಿಯಲ್ಲೂ ಇದ್ದಾರು. ಹುಡುಗಿಯರಷ್ಟೇ ಅಲ್ಲ, ಹುಡುಗರೂ, ನಡುವಯಸ್ಸಿನ ಗೃಹಸ್ಥರೂ ಇದರಲ್ಲಿ ಸಿಕ್ಕಿಕೊಳ್ಳುವುದುಂಟು.

ಮೊದಲು ಬೇನೆಯ ಹೆಸರನ್ನು ನೋಡೋಣ. ವೈದ್ಯರು ಇದನ್ನು 'ಅನೋರೆಕ್ಸಿಯ ನರ್ವೋಸ' ಎಂದು ಕರೆಯುತ್ತಾರೆ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಎಂಬಾತನೂ, ಪ್ಯಾರಿಸಿನ ಲಾಸೇಗ್ ಎಂಬಾತನೂ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ ಇದನ್ನು ವಿವರಿಸಿದರು. ಈಗ ಬಳಕೆಯಲ್ಲಿರುವ ಹೆಸರು ಗಲ್ ಇಟ್ಟದ್ದು. ಗ್ರೀಕಿನ 'ಅನ್' ಎಂಬುದು ನಮ್ಮ 'ಅನಿಚ್ಛೆ' ಎಂಬುದರಲ್ಲಿರುವ 'ಅನ್' ಇದ್ದಂತೆಯೇ, ನಿಷೇಧಾರ್ಥಕ. 'ಓರೆಕ್ಸಿಸ್' ಎಂದರೆ ಹಸಿವು, ಬಯಕೆ. ಹಸಿವಿಲ್ಲದಿರುವಿಕೆ ಎಂದು ಒಟ್ಟು ಅರ್ಥ. ಹೆಸರು ಸೊಗಸಾಗಿದೆ, ಆದರೆ ತಪ್ಪು! ಈ ಬೇನೆಯವರಿಗೆ ಹಸಿವು ಇರುತ್ತದೆ, ಬಹಳವಾಗಿಯೇ ಇರುತ್ತದೆ. ಹಸಿವಿಗೆ ಮಣಿಯಬಾರದೆಂಬ ಹಟವೇ ಬೇನೆ. ಆಯುರ್ವೇದದ 'ಅರೋಚಕ'ವೂ ಇದಲ್ಲ. ಅಲ್ಲಿ ರುಚಿ ಕೆಟ್ಟಿರುತ್ತದೆ, ಇಲ್ಲಿ ರುಚಿಯೇ ಭಯವಾಗಿರುತ್ತದೆ. ಇನ್ನೊಂದು ಬಗೆಯುಂಟು. ಒಮ್ಮೆಗೇ ಮಿತಿಯಿಲ್ಲದೆ ತಿಂದು, ಆಮೇಲೆ ಪಶ್ಚಾತ್ತಾಪದಿಂದ ಅದನ್ನು ಕಳೆದುಕೊಳ್ಳಲು ನಾನಾ ಕಷ್ಟ ಪಡುವುದು. ಅದಕ್ಕೆ 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯರು 'ಬುಲಿಮಿಯ ನರ್ವೋಸ' ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಬುಲಿಮಿಯ ಎಂದರೆ ಎತ್ತಿನ ಹಸಿವು. ನಮ್ಮ ಭೀಮನಿಗೆ ತೋಳನ ಹೊಟ್ಟೆಯವನೆಂದು 'ವೃಕೋದರ' ಎಂಬ ಹೆಸರಿರುವುದು ನೆನಪಿಗೆ ಬರುತ್ತದೆ. ಆದರೆ ಭೀಮ ಉಂಡು ಸುಖವಾಗಿದ್ದ; ಇವರು ಉಂಡು ಅಳುತ್ತಾರೆ.

ಈಗ ನಮ್ಮ ಹುಡುಗಿಯ ದೂರನ್ನು ಕೇಳಿರಿ. 'ಕೈಕಾಲು ಇನ್ನೂ ಸಣ್ಣಗೇ ಇವೆ ದೊಡ್ಡಪ್ಪ, ಹೊಟ್ಟೆಯೊಂದೇ ಮುಂದೆ ಬಂದುಬಿಟ್ಟಿತು. ನಾನು ಹೆದರಿದ್ದು ಇದಕ್ಕೇ' ಎಂದು ಬೇನೆಯಿಂದ ಎದ್ದ ಮೊದಲ ವರ್ಷ ಅವಳು ಅಳುತ್ತಿದ್ದಳು. ಇದು ಅವಳೊಬ್ಬಳ ದೂರಲ್ಲ. ಹೀಗೆ ಎದ್ದವರಲ್ಲಿ ಅನೇಕರ ದೂರು. ಇಲ್ಲಿಯೇ ಅನೇಕರು ಎರಡನೆಯ ಬಾರಿ ಮುಗ್ಗರಿಸುವುದು. ಹೊಟ್ಟೆ ಏಕೆ ಮುಂದೆ ಬಂತೆಂಬುದನ್ನು ಅರಿಯಬೇಕಾದರೆ ಎರಡನೆಯ ಮಹಾಯುದ್ಧದ ಕಾಲದ ಒಂದು ಪ್ರಯೋಗದ ಕಥೆಯನ್ನು ತಿಳಿಯಬೇಕು.

ಯೂರೋಪಿನಲ್ಲಿ ಆಗ ಲಕ್ಷಾಂತರ ಜನ ಹಸಿವಿನಿಂದ ಬಳಲುತ್ತಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಮತ್ತೆ ಉಣಬಡಿಸುವುದು ಹೇಗೆ ಎಂಬುದನ್ನು ತಿಳಿಯಲು, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರ ನವೆಂಬರಿನಲ್ಲಿ ಒಂದು ಪ್ರಯೋಗ ಆರಂಭಿಸಿದರು. ಆಯುಧ ಹಿಡಿಯುವುದಿಲ್ಲವೆಂದು ವ್ರತ ತೊಟ್ಟ 36 ಮಂದಿ ಆರೋಗ್ಯವಂತ ತರುಣರು ತಾವಾಗಿಯೇ ಮುಂದೆ ಬಂದರು. ಮೂರು ತಿಂಗಳು ಅವರಿಗೆ ಹೊಟ್ಟೆತುಂಬ ಊಟ. ಅನಂತರ ಆರು ತಿಂಗಳು ಅದರ ಸುಮಾರು ಅರ್ಧ. ಬ್ರೆಡ್ಡು, ಆಲೂಗಡ್ಡೆ, ಗೆಡ್ಡೆಗೆಣಸುಗಳೇ ಹೆಚ್ಚು. ವಾರಕ್ಕೆ 22 ಮೈಲಿ ನಡಿಗೆ ಕಡ್ಡಾಯ. ಲೆಕ್ಕದ ಉಳಿದ ಅಂಕಿಗಳನ್ನು ನಾನು ಬೇಕೆಂದೇ ಕೊಡುತ್ತಿಲ್ಲ. ಈ ಬೇನೆ ಕಂಡವರ ಕೈಗೆ ಊಟದ ಅಂಕಿ ಸಿಕ್ಕರೆ ಅದನ್ನೇ ಗುರಿಯಾಗಿ ಹಿಡಿದುಬಿಡುತ್ತಾರೆಂದು ವೈದ್ಯರು ಎಚ್ಚರಿಸಿದ್ದಾರೆ.

ಆರು ತಿಂಗಳಲ್ಲಿ ಆ ತರುಣರು ತಮ್ಮ ಮೈತೂಕದ ಸುಮಾರು ಕಾಲು ಭಾಗವನ್ನು ಕಳೆದುಕೊಂಡರು. ಎದೆಬಡಿತ ನಿಧಾನವಾಯಿತು, ಮೈ ತಣ್ಣಗಾಯಿತು, ಕಾಲು ಊದಿಕೊಂಡಿತು. ಅದಕ್ಕಿಂತ ಆಶ್ಚರ್ಯವಾದದ್ದು ಮನಸ್ಸಿನ ಪಾಡು. ಓದುಬರಹದಲ್ಲಿ ಆಸಕ್ತಿಯುಳ್ಳ ಜನ ಅಡಿಗೆಯ ಪುಸ್ತಕಗಳನ್ನು ಕೂಡಿಸಿಕೊಂಡು ರಾತ್ರಿಯೆಲ್ಲ ಓದತೊಡಗಿದರು. ತಟ್ಟೆಯನ್ನು ನೆಕ್ಕಿದರು. ಊಟಕ್ಕೆ ನೀರು ಬೆರೆಸಿ ಹೆಚ್ಚು ಮಾಡಿಕೊಂಡು, ಒಂದೊಂದು ತುತ್ತನ್ನೂ ಗಂಟೆಗಟ್ಟಲೆ ಎಳೆದಾಡಿದರು. ಗೆಳೆಯರಿಂದ ದೂರವಾದರು, ಸಣ್ಣ ಮಾತಿಗೆ ಸಿಡುಕಿದರು. ನೋಡಿ, ಇವರಾರಿಗೂ ಮೊದಲು ಮನಸ್ಸಿನ ಬೇನೆಯಿರಲಿಲ್ಲ! ನಮ್ಮ ಹುಡುಗಿಯಲ್ಲಿ ನಾವು ಕಂಡು ಬೇಸರಪಟ್ಟ ವಿಚಿತ್ರ ನಡತೆಗಳಲ್ಲಿ ಎಷ್ಟೋ ಹಸಿವಿನ ಫಲಗಳೇ ಹೊರತು ಅವಳ ಸ್ವಭಾವವಲ್ಲ ಎಂದು ಇದನ್ನು ಓದಿದ ದಿನ ನನಗೆ ತಿಳಿಯಿತು.

ಪ್ರಯೋಗದ ಕಡೆಯ ಭಾಗವೇ ನಮಗೆ ಮುಖ್ಯ. ಮತ್ತೆ ಊಟ ಕೊಡತೊಡಗಿದಾಗ ಅವರ ತೂಕ ಏರಿತು. ಆದರೆ ಮಾಂಸಖಂಡ ಬೆಳೆಯುವುದಕ್ಕೆ ಮುಂಚೆ ಕೊಬ್ಬು ಬಂದು ಕುಳಿತುಕೊಂಡಿತು. ತಡೆಯಿಲ್ಲದೆ ಉಣ್ಣಲು ಬಿಟ್ಟಾಗ ಹೊಟ್ಟೆ ಬಿರಿಯುವಂತೆ ಉಂಡರೂ ಕೆಲವರಿಗೆ ಹಸಿವು ಅಡಗಲಿಲ್ಲ. ಮೈಯ ಕೊಬ್ಬು ಮೊದಲಿದ್ದುದಕ್ಕಿಂತ ಹೆಚ್ಚಾಯಿತು. ಅವರು ಇದನ್ನು ಇಳಿಸಲು ಏನಾದರೂ ಮಾಡಿದರೆ? ಇಲ್ಲ, ಹೊಟ್ಟೆತುಂಬ ಉಂಡರು, ಅಷ್ಟೆ. ತಿಂಗಳುಗಳು ಕಳೆದಂತೆ ಮಾಂಸಖಂಡ ತುಂಬಿಕೊಂಡಿತು, ಹಸಿವು ತನ್ನ ಹದಕ್ಕೆ ಬಂದಿತು, ಸುಮಾರು ಒಂದು ವರ್ಷದಲ್ಲಿ ಹೆಚ್ಚಿನ ಕೊಬ್ಬೂ ಬಹುಮಟ್ಟಿಗೆ ಕರಗಿಹೋಯಿತು. ಕೀಸ್ ಮತ್ತು ಸಂಗಡಿಗರು 1950ರಲ್ಲಿ ಎರಡು ದೊಡ್ಡ ಸಂಪುಟಗಳಲ್ಲಿ ಇದನ್ನೆಲ್ಲ ಪ್ರಕಟಿಸಿದರು.

ಬರಗಾಲ ಕಂಡ ರೈತ ಮಳೆ ಬಂದ ವರ್ಷ ಮೊದಲು ಹಗೇವು ತುಂಬಿಸುತ್ತಾನೆ. ಗೋಡೆಗೆ ಸುಣ್ಣ ಬಳಿಯುವುದು ಆಮೇಲಿನ ಮಾತು. ದೇಹವೂ ಹಾಗೆಯೇ. ಅನೋರೆಕ್ಸಿಯದಿಂದ ಎದ್ದವರಲ್ಲಿ ಕೊಬ್ಬು ಮೊದಲು ನಡುವಿನ ಸುತ್ತ ಸೇರುತ್ತದೆ, ಸರಿಯಾದ ತೂಕವನ್ನು ಒಂದು ವರ್ಷದಷ್ಟು ಕಾಲ ಉಳಿಸಿಕೊಂಡರೆ ಅದು ಮೈಯಲ್ಲೆಲ್ಲ ಹಂಚಿಹೋಗುತ್ತದೆ ಎಂದು ಈಚಿನ ಪರೀಕ್ಷೆಗಳಿಂದಲೂ ಕಂಡುಬಂದಿದೆ. ಈ ನಡುಗಾಲದಲ್ಲಿ ಹೊಟ್ಟೆಯನ್ನು ನೋಡಿ ಹೆದರಿ ಮತ್ತೆ ಊಟ ಬಿಟ್ಟರೆ ಏನಾಗುತ್ತದೆ? ಇನ್ನೂ ಕಟ್ಟಿ ಮುಗಿಯದ ಮಾಂಸಖಂಡ ಮತ್ತೆ ಕರಗುತ್ತದೆ. ಹೃದಯವೂ ಒಂದು ಮಾಂಸಖಂಡವೇ ಎಂಬುದನ್ನು ಮರೆಯಬೇಡಿ. ಮೂಳೆಯ ಗಟ್ಟಿತನವಂತೂ ಬಲು ನಿಧಾನವಾಗಿ ಹಿಂತಿರುಗುವಂಥದು, ಕೆಲವರಲ್ಲಿ ಪೂರ್ತಿ ಹಿಂತಿರುಗುವುದೂ ಇಲ್ಲ. ಬರ ಮತ್ತೆ ಬಂತೆಂದು ತಿಳಿದ ದೇಹ ಮುಂದಿನ ಬಾರಿ ಇನ್ನೂ ಆತುರದಿಂದ ಹಗೇವು ತುಂಬಿಸುತ್ತದೆ.

ಆದುದರಿಂದ ಬೇನೆಯಿಂದ ಎದ್ದ ಮೊದಲ ವರ್ಷದಲ್ಲಿ ಮೈ ಇಳಿಸುವ ಮಾತನ್ನೇ ಎತ್ತಕೂಡದು. ಇದು ನಾನು ಕೇಳಿದ ಎಲ್ಲ ವೈದ್ಯರ ಒಮ್ಮತ. ತೂಕದ ಕಲ್ಲಿಗೆ ಕಟ್ಟುಬೀಳುವುದಂತೂ ಬೇಡವೇ ಬೇಡ. ಉಪ್ಪಿನ ಊಟ, ಮುಟ್ಟಿನ ದಿನಗಳು, ಕುಡಿದ ನೀರು ಇವುಗಳಿಂದಲೇ ಬೆಳಗಿಗೂ ಸಂಜೆಗೂ ಒಂದು ಕಿಲೋಗ್ರಾಮಿನಷ್ಟು ವ್ಯತ್ಯಾಸ ಬರಬಹುದು. ಊಟದ ಪಿಷ್ಟವನ್ನು ದೇಹ ತನ್ನಲ್ಲಿ ಕೂಡಿಡುವಾಗ ಅದರ ಎರಡು ಮೂರರಷ್ಟು ನೀರನ್ನೂ ಜೊತೆಗೆ ಹಿಡಿದಿಡುತ್ತದೆ. ಅನ್ನ ಬಿಟ್ಟ ಮೊದಲ ವಾರದಲ್ಲಿ 'ತೂಕ ಇಳಿಯಿತು' ಎಂದು ಜನ ಹಿಗ್ಗುವುದು ಬಹುಮಟ್ಟಿಗೆ ಈ ನೀರು ಹೋದದ್ದಕ್ಕೆ. ಎತ್ತರಕ್ಕೂ ತೂಕಕ್ಕೂ ತಾಳೆ ನೋಡುವ ಲೆಕ್ಕವೊಂದಿದೆಯಷ್ಟೆ. ಬೆಲ್ಜಿಯಂ ದೇಶದ ಕೆತ್ಲೆ ಎಂಬ ಗಣಿತಜ್ಞ 19ನೆಯ ಶತಮಾನದಲ್ಲಿ ಅದನ್ನು ಕಟ್ಟಿದ. 'ಬಾಡಿ ಮಾಸ್ ಇಂಡೆಕ್ಸ್' ಎಂದು 1972ರಲ್ಲಿ ಅದಕ್ಕೆ ಹೆಸರು ಕೊಟ್ಟವರು ಮೇಲೆ ಹೇಳಿದ ಕೀಸ್ ಅವರೇ. ಅದು ಜನಸಮುದಾಯವನ್ನು ಅಳೆಯಲು ಹುಟ್ಟಿದ ಲೆಕ್ಕ, ಒಬ್ಬಳ ಆರೋಗ್ಯವನ್ನು ಅದೊಂದರಿಂದಲೇ ತೀರ್ಮಾನಿಸಲಾಗದು.

ಹಾಗಾದರೆ ನಮ್ಮ ಹುಡುಗಿಯಂತೆ, ಎದ್ದು ವರ್ಷಗಳು ಕಳೆದು, ಸಕ್ಕರೆಯೋ ರಕ್ತದೊತ್ತಡವೋ ಮಂಡಿನೋವೋ ಬಂದು, ನಿಜವಾಗಿಯೂ ಮೈ ಹಗುರಾಗಬೇಕಾದವರು ಏನು ಮಾಡಬೇಕು? ಅವಳನ್ನು ಹಿಂದೆ ಉಪಚರಿಸಿದ್ದ ಮನೋವೈದ್ಯರ ಬಳಿಗೇ ನಾವು ಹಿಂತಿರುಗಿದೆವು. ಅವರು ಮೊದಲು ಕೇಳಿದ್ದು ತೂಕವನ್ನಲ್ಲ. ಮುಟ್ಟು ತಿಂಗಳು ತಿಂಗಳಿಗೆ ಸರಿಯಾಗಿ ಬರುತ್ತಿದೆಯೆ? ಹಸಿವಾದದ್ದು ಗೊತ್ತಾಗುತ್ತದೆಯೆ, ಸಾಕು ಎನಿಸಿದ್ದು ಗೊತ್ತಾಗುತ್ತದೆಯೆ? ಇತರರೊಂದಿಗೆ ಕುಳಿತು ಉಣ್ಣುತ್ತಾಳೆಯೆ? ಹಬ್ಬದ ದಿನ ಒಂದು ಹೋಳಿಗೆ ತಿಂದು, ಅದರ ಚಿಂತೆಯಿಲ್ಲದೆ ನಿದ್ದೆ ಮಾಡಬಲ್ಲಳೆ? ಇವುಗಳಿಗೆಲ್ಲ ಹೌದೆಂಬ ಉತ್ತರ ಬಂದ ಮೇಲೆ ಮುಂದಿನ ಮಾತು ಎಂದರು. ಕಡೆಯ ಪ್ರಶ್ನೆಗೆ ಅವಳು ತಲೆ ತಗ್ಗಿಸಿದಳು. ಹೀಗಾಗಿ ಮತ್ತೆ ನಾಲ್ಕು ತಿಂಗಳು ಹಿಂದಿನ ಚಿಕಿತ್ಸೆಯೇ ನಡೆಯಿತು. ಸಕ್ಕರೆಯ ವಿಚಾರ ಕಾಯಲಿಲ್ಲವೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಗಡಿಯಲ್ಲಿರುವ ಸಕ್ಕರೆ ನಾಲ್ಕು ತಿಂಗಳು ಕಾದೀತು, ಈ ಬೇನೆ ಕಾಯುವುದಿಲ್ಲ ಎಂದರು.

ಆಮೇಲೆ ಪಥ್ಯದವರು ಕೊಟ್ಟ ಸೂಚನೆಗಳು ನನಗೆ ಬಹಳ ಹಿಡಿಸಿದವು, ಏಕೆಂದರೆ ಅವುಗಳಲ್ಲಿ 'ಬಿಡು' ಎಂಬ ಮಾತೇ ಇರಲಿಲ್ಲ. ಮೂರು ಹೊತ್ತಿನ ಊಟ, ನಡುವೆ ಎರಡು ಸಣ್ಣ ತಿಂಡಿ, ಇವು ತಪ್ಪಕೂಡದು. ಹೊತ್ತು ತಪ್ಪಿದ ಊಟವೇ ರಾತ್ರಿಯ ಮಿತಿಮೀರಿದ ಊಟಕ್ಕೆ ತಾಯಿ. ತಟ್ಟೆಯಲ್ಲಿ ಪಲ್ಯ, ಕೋಸಂಬರಿ, ಕಾಳಿನ ಸಾರು ಮೊದಲು ಹೊಟ್ಟೆಗೆ ಹೋಗಲಿ, ಅನ್ನ ಆಮೇಲೆ ಬರಲಿ. ತಿನ್ನುವ ಪದಾರ್ಥ ಅದೇ ಆದರೂ ಈ ಕ್ರಮದಿಂದ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲವಂತೆ. ಎರಡನೆಯ ಬಾರಿ ಬಡಿಸಿಕೊಳ್ಳುವ ಅನ್ನದ ಬದಲು ರಾಗಿಮುದ್ದೆ, ಸೊಪ್ಪಿನ ಹುಳಿ. ಮೊಸರು ಇರಲಿ, ತಿನ್ನುವವರಿಗೆ ಮೊಟ್ಟೆಯೂ ಇರಲಿ. ಕಾಫಿಯ ಸಕ್ಕರೆ ತಾನಾಗಿಯೇ ಕಡಿಮೆಯಾದರೆ ಒಳ್ಳೆಯದು. ಹಬ್ಬದ ಅಡಿಗೆಯನ್ನು ಹಬ್ಬದ ದಿನ ಉಣ್ಣತಕ್ಕದ್ದು.

ಇದನ್ನು ಕೇಳುತ್ತಿದ್ದಾಗ ನನಗೆ ಚರಕಸಂಹಿತೆಯ ನೆನಪಾಯಿತು. ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲ, ಅತಿಕೃಶ ಎಂಬಿಬ್ಬರನ್ನೂ ಒಟ್ಟಿಗೆ ಕೂರಿಸಿ ಆಚಾರ್ಯರು ವಿಚಾರ ಮಾಡುತ್ತಾರೆ. ಸ್ಥೂಲನನ್ನು ಇಳಿಸಲು ಅಲ್ಲಿ ಹೇಳಿರುವುದು ಗುರುವಾದ, ಆದರೆ ಹೆಚ್ಚು ಪುಷ್ಟಿಕೊಡದ ಆಹಾರ. ಎಂದರೆ ಹೊಟ್ಟೆಯಲ್ಲಿ ಭಾರವಾಗಿ ನಿಂತು ಹಸಿವನ್ನು ತಣಿಸಬೇಕು, ಆದರೆ ಮೈಗೆ ಹೆಚ್ಚು ಹತ್ತಬಾರದು. ಹೊಟ್ಟೆಯನ್ನು ಖಾಲಿ ಬಿಡುವ ಮಾತಲ್ಲ, ತುಂಬಿಸುವ ಮಾತು! ನಾರಿನ ಅಂಶವುಳ್ಳ ಕಾಳು, ಸೊಪ್ಪು, ಸಿರಿಧಾನ್ಯಗಳನ್ನು ಇಂದಿನವರು ಹೇಳುವುದೂ ಬಹುಮಟ್ಟಿಗೆ ಇದೇ ಕಾರಣಕ್ಕಾಗಿ. 'ಲಂಘನವೇ ಪರಮೌಷಧ' ಎಂಬ ನಾಣ್ನುಡಿಯನ್ನು ನಮ್ಮಲ್ಲಿ ಎಲ್ಲದಕ್ಕೂ ಅಂಟಿಸುವ ರೂಢಿಯಿದೆ. ಜ್ವರ, ಅಜೀರ್ಣಗಳಿಗೆ ಅದು ಸಲ್ಲಬಹುದು. ಉಪವಾಸದಿಂದಲೇ ಕಾಯಿಲೆ ಬಿದ್ದವರಿಗೆ ಅದನ್ನು ಹೇಳುವವರ ಪಾಂಡಿತ್ಯಕ್ಕೆ ನಮಸ್ಕಾರ. ಏಕಾದಶಿ, ಶ್ರಾವಣ ಸೋಮವಾರಗಳ ಉಪವಾಸವನ್ನೂ ಇಂಥವರಿಗೆ ಮನೆಯ ಹಿರಿಯರೇ ಮುಂದಾಗಿ ಬಿಡಿಸಬೇಕು. 'ನಿನ್ನ ಪಾಲಿನದನ್ನು ನಾನು ಮಾಡುತ್ತೇನೆ, ನೀನು ಉಣ್ಣು' ಎಂದು ನನ್ನ ಹೆಂಡತಿ ಆ ಹುಡುಗಿಗೆ ಹೇಳಿಬಿಟ್ಟಳು. ಹದಿನಾರು ಗಂಟೆ ಊಟವಿಲ್ಲದೆ ಇರುವ ಹೊಸ ಬಗೆಯ ಪಥ್ಯವೂ ಇವರಿಗೆ ಸಲ್ಲದು. ಹಸಿವನ್ನೇ ಕುಗ್ಗಿಸುವ ಸೂಜಿಮದ್ದುಗಳು ಈಗ ನಮ್ಮ ದೇಶದಲ್ಲೂ ದೊರೆಯುತ್ತಿವೆ. ಅವುಗಳ ಮಾತು ಬಂದರೆ ಹಳೆಯ ಬೇನೆಯ ವಿಷಯವನ್ನು ವೈದ್ಯರಿಗೆ ಹೇಳದೆ ಮುಂದುವರಿಯಲೇಬಾರದು.

ನಡಿಗೆಯ ವಿಚಾರದಲ್ಲೊಂದು ಸೂಕ್ಷ್ಮವಿದೆ. ಮೈ ಬಳಕೆ ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ; ಊಟವಾದ ಮೇಲೆ ಅಂಗಳದಲ್ಲಿ, ರೇಡಿಯೋದಲ್ಲಿ ಎರಡು ಭಾವಗೀತೆ ಮುಗಿಯುವಷ್ಟು ಹೊತ್ತು ಅಡ್ಡಾಡಿದರೂ ಸಕ್ಕರೆ ಇಳಿಯಲು ಸಹಾಯವಾಗುತ್ತದೆ. ಆದರೆ ಉಣ್ಣದ ಬೇನೆಯವರಲ್ಲಿ ಎಷ್ಟೋ ಜನ ನಡಿಗೆಯನ್ನೇ ದಂಡನೆಯಾಗಿ ಮಾಡಿಕೊಂಡಿರುತ್ತಾರೆ. ತಿಂದ ತಪ್ಪಿಗೆ ನಡೆಯುವುದು! ಮಳೆ ಬಂದು ಒಂದು ದಿನ ನಡಿಗೆ ತಪ್ಪಿದರೆ ಮನಸ್ಸು ಕೆಡುತ್ತದೆಯೆ ಎಂದು ಕೇಳಿಕೊಳ್ಳಿ. ಕೆಡುವುದಾದರೆ ಅದು ವ್ಯಾಯಾಮವಲ್ಲ. ಒಬ್ಬರೇ ನಡೆಯುವುದಕ್ಕಿಂತ ಜೊತೆಯಲ್ಲಿ ಮಾತಾಡಿಕೊಂಡು ನಡೆಯುವುದು ಮೇಲು. ಕಳೆದುಹೋದ ಮಾಂಸಖಂಡವನ್ನು ಕಟ್ಟುವ ವ್ಯಾಯಾಮವನ್ನು ತಿಳಿದವರಿಂದ ಕಲಿತರೆ ಇನ್ನೂ ಒಳ್ಳೆಯದು. ಸಕ್ಕರೆಯನ್ನು ಸುಡುವ ಒಲೆಯೇ ಮಾಂಸಖಂಡ.

ತೂಕ ಇಳಿಯದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥವಲ್ಲವೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ನಮ್ಮ ನೆರೆಯ ಚೆನ್ನೈ ನಗರದಿಂದಲೇ ಉತ್ತರವಿದೆ. ಡಾಕ್ಟರ್ ಎ. ರಾಮಚಂದ್ರನ್ ಅವರೂ ಸಂಗಡಿಗರೂ ಸಕ್ಕರೆಯ ಗಡಿಯಲ್ಲಿದ್ದ 531 ಮಂದಿಯನ್ನು ಹಲವು ಗುಂಪುಗಳಾಗಿ ವಿಂಗಡಿಸಿ, ಮೂರು ವರ್ಷ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೋಲಿಕೆಗೆಂದು ಇಟ್ಟ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂದಿತು. ಊಟದ ಹದವನ್ನೂ ನಡಿಗೆಯನ್ನೂ ರೂಢಿಸಿಕೊಂಡವರಲ್ಲಿ ನೂರಕ್ಕೆ 39 ಮಂದಿಗೆ ಮಾತ್ರ ಬಂದಿತು. ಸ್ವಾರಸ್ಯವೆಂದರೆ, ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ತೂಕದ ಯಂತ್ರ ಸುಮ್ಮನಿದ್ದರೂ ಒಳಗೆ ಕೆಲಸ ನಡೆದಿತ್ತು. ಈ ವಿಷಯವನ್ನು ಓದಿ ಹೇಳಿದಾಗ ನಮ್ಮ ಹುಡುಗಿಯ ಮುಖದಲ್ಲಿ ಕಂಡ ನಿರಾಳವನ್ನು ನಾನು ಮರೆಯಲಾರೆ. ಈಗ ಅವಳು ಮೂರು ತಿಂಗಳಿಗೊಮ್ಮೆ ರಕ್ತ ತೋರಿಸುತ್ತಾಳೆ. ತೂಕ ನೋಡುವುದು ವೈದ್ಯರ ಬಳಿ ಮಾತ್ರ, ಅದೂ ಯಂತ್ರಕ್ಕೆ ಬೆನ್ನು ಮಾಡಿ ನಿಂತು. ಅಂಕಿ ವೈದ್ಯರ ಪುಸ್ತಕಕ್ಕೆ ಹೋಗುತ್ತದೆ, ಅವಳ ಕಿವಿಗೆ ಬೀಳುವುದಿಲ್ಲ. ಇಳಿತ ಬಲು ನಿಧಾನ, ತಿಂಗಳಿನಿಂದ ತಿಂಗಳಿಗೆ ಕಣ್ಣಿಗೆ ಕಾಣದಷ್ಟು. ಬೇಗ ಇಳಿದರೆ ಸಂತೋಷಪಡುವ ಬದಲು ಕರೆದು ಕೇಳುತ್ತಾರೆ.

ಮನೆಯವರು ಕಣ್ಣಿಡಬೇಕಾದ ಕೆಲವು ಸಂಗತಿಗಳಿವೆ. 'ಆಗಲೇ ಊಟವಾಯಿತು' ಎಂಬ ಮಾತು ಮೇಲಿಂದ ಮೇಲೆ ಬರುವುದು, ಊಟವಾದ ಕೂಡಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಎಲ್ಲರಿಗೂ ಅಕ್ಕರೆಯಿಂದ ಅಡಿಗೆ ಮಾಡಿ ಬಡಿಸಿ ತಾನು ಮಾತ್ರ ಉಣ್ಣದಿರುವುದು, ಸಡಿಲವಾದ ಬಟ್ಟೆಯಲ್ಲಿ ಮೈ ಮರೆಸುವುದು, ಚಳಿ, ತಲೆಸುತ್ತು, ಮುಟ್ಟು ತಪ್ಪುವುದು. ಇವುಗಳಲ್ಲಿ ಯಾವುದು ಕಂಡರೂ ಮೈ ಇಳಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಬಯ್ಯುವುದರಿಂದ ಏನೂ ಸಾಧಿಸುವುದಿಲ್ಲ. ಬಲವಂತವಾಗಿ ತುರುಕುವುದೂ ಸಲ್ಲದು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಅಪಾಯವುಂಟು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ 'ಟೆಲಿ ಮಾನಸ್' ಎಂಬ ಉಚಿತ ದೂರವಾಣಿ ಸೇವೆಯನ್ನು 14416 ಎಂಬ ಸಂಖ್ಯೆಯಲ್ಲಿ ಕೇಳಬಹುದು. 2022ರಲ್ಲಿ ಆರಂಭವಾದ ಈ ಸೇವೆ ಕನ್ನಡದಲ್ಲೂ ದೊರೆಯುತ್ತದೆ. ಹೊಸ ವೈದ್ಯರಲ್ಲಿಗೆ ಹೋಗುವಾಗ ಹಿಂದಿನ ಬೇನೆ ಯಾವುದು, ಯಾವ ವರ್ಷ, ಯಾರು ಉಪಚರಿಸಿದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಅವರು ಕೇಳುವ ಮುಂಚೆಯೇ ಮೇಜಿನ ಮೇಲೆ ಇಟ್ಟುಬಿಡಿ. ನಾವು ಹಾಗೆ ಮಾಡಿದ್ದರೆ ಆ ಮೊದಲ ಚೀಟಿ ಹುಟ್ಟುತ್ತಲೇ ಇರಲಿಲ್ಲ.

ಮೇಷ್ಟರಾಗಿ ಒಂದು ಮಾತು ಸೇರಿಸಬೇಕು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಶಾಲಾ ಮಕ್ಕಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಕಟ್ಟುನಿಟ್ಟಾಗಿ ಊಟ ಕಡಿಮೆ ಮಾಡುತ್ತಿದ್ದ ಹುಡುಗಿಯರಲ್ಲಿ ಈ ಬೇನೆ ಹುಟ್ಟುವ ಸಂಭವ, ಅಂಥ ಪಥ್ಯ ಮಾಡದವರಿಗಿಂತ 18 ಪಟ್ಟು ಹೆಚ್ಚು. ತರಗತಿಯಲ್ಲಿ 'ಡುಮ್ಮಿ', 'ಕಡ್ಡಿ' ಎಂಬ ಅಡ್ಡಹೆಸರುಗಳನ್ನು ಕೇಳಿಯೂ ಕೇಳದಂತೆ ನಾವು ಬೋರ್ಡಿನ ಕಡೆ ತಿರುಗಿಬಿಡುತ್ತೇವೆ. ನಾನು ಈಗ ತಿರುಗುವುದಿಲ್ಲ. ವ್ಯಾಕರಣದ ತಪ್ಪಿಗಿಂತ ಮೊದಲು ಅದನ್ನು ತಿದ್ದುತ್ತೇನೆ.

ಕಳೆದ ಗೌರಿಹಬ್ಬಕ್ಕೆ ಹುಡುಗಿ ಬೆಂಗಳೂರಿನಿಂದ ಬಂದಳು. ನಾನು ಗೇಟಿನ ಬಳಿಯೇ ನಿಂತಿದ್ದೆ. ಹಳೆಯ ಅಭ್ಯಾಸ, ಕಣ್ಣು ಮೇಲಿಂದ ಕೆಳಗೆ ಒಮ್ಮೆ ಹೋಯಿತು, ಮಾತು ನಾಲಗೆಯ ತುದಿಗೆ ಬಂದಿತು. ಅದನ್ನು ನುಂಗಿಕೊಂಡು, 'ಬಸ್ಸಿನಲ್ಲಿ ಸೀಟು ಸಿಕ್ಕಿತೇನಮ್ಮ?' ಎಂದೆ.

'ಎಲ್ಲಿ ಸಿಕ್ತು ದೊಡ್ಡಪ್ಪ, ಅರ್ಧ ದಾರಿ ನಿಂತೇ ಬಂದೆ. ದೊಡ್ಡಮ್ಮ ಏನು ಮಾಡಿದ್ದಾರೆ? ಹೊಟ್ಟೆ ಹಸೀತಿದೆ' ಎಂದಳು.